ಮೂವತ್ತು ದಿನದ ಕುಕಿ

2014ರ ಜೂನ್ 9, ಸೋಮವಾರ ಬೆಳಿಗ್ಗೆ 10-20ಕ್ಕೆ ಕೊಗನೊಳ್ಳಿಯ ಸಪನಾ ನಿಪ್ಪಾಣಿ ಠಾಣೆಗೆ ದೂರು ತಂದಳು. ಅಥಣಿಯ ಖಾಸಗಿ ಶಾಲೆಯೊಂದರ ಶಿಕ್ಷಕಿ ಹುದ್ದೆಗೆ ಅವಳ ಹೆಸರು ಆಯ್ಕೆಪಟ್ಟಿಯಲ್ಲಿ ಮೊದಲಿತ್ತು. ಶುಕ್ರವಾರ ಯಾರೋ ಶಾಲೆಯ ವೆಬ್‌ಸೈಟಿನಲ್ಲಿ ಅವಳ ಖಾತೆಯಿಂದಲೇ ಅರ್ಜಿಯನ್ನು ಹಿಂಪಡೆದಿದ್ದರು. ಗುರುವಾರದೊಳಗೆ ಸತ್ಯ ತಿಳಿಯದಿದ್ದರೆ ಹುದ್ದೆ ಎರಡನೆಯವರಿಗೆ.

"ನಾ ಅರ್ಜಿ ಹಾಕಿದ ನೆಟ್ ಸೆಂಟರಿನ ಸಂಭಾಜಿನ ಮಾಡ್ಯಾನ್ರಿ. ಒದ್ದು ಕೇಳ್ರಿ."

"ಯಾರನ್ನ ಒದೀಬೇಕಂತ ನೀ ಹೇಳಬ್ಯಾಡವಾ," ಎಂದ ಇನ್‌ಸ್ಪೆಕ್ಟರ್ ಭೀಮಗೊಂಡ. ಎಫ್‌ಐಆರ್ ದಾಖಲಾಯಿತು.

ವೆಬ್‌ಸೈಟ್ ಮಾಡಿದ್ದ ಚಿಕ್ಕೋಡಿಯ ನಾಮದೇವ ಮಧ್ಯಾಹ್ನ ಸರ್ವರಿನ ದಾಖಲೆ ತಂದ. ಶುಕ್ರವಾರ ಯಾರೂ ಪಾಸ್‌ವರ್ಡ್ ಒತ್ತಿರಲಿಲ್ಲ. ಮೇ 28ರಂದು ಸಪನಾ ಲಾಗಿನ್ ಆದಾಗ ಸರ್ವರು ಆ ಬ್ರೌಸರಿಗೆ ಒಂದು ಕುಕಿ ಕಳಿಸಿತ್ತು. ಅದು ಗುರುತಿನ ಚೀಟಿಯಂತೆ ಕಂಪ್ಯೂಟರಿನಲ್ಲೇ ಉಳಿದಿತ್ತು. ಅರ್ಜಿ ಹಿಂಪಡೆದಾಗ ಬಂದದ್ದೂ ಅದೇ ನಂಬರಿನ ಕುಕಿ. ಅಂದರೆ ಅದೇ ಕಂಪ್ಯೂಟರ್.

"ಎಷ್ಟು ದಿನ ಇರತೈತಿ ಅದು?" ಭೀಮಗೊಂಡ ಕೇಳಿದ.

"ಮೂವತ್ತು ದಿನ ಹಾಕೇನ್ರಿ. ಮಂದಿ ಪಾಸ್‌ವರ್ಡ್ ಮರೀತಾರ."

"ಮರತ್ರ ಅವರು ಮರೀತಾರ. ಬಾಗಲಾ ತಗದಿಟ್ಟಾಂವ ನೀ."

ನಾಮದೇವ ದಾಖಲೆಯ ಪ್ರತಿಗೆ ಸಹಿ ಹಾಕಿದ.

ಮಂಗಳವಾರ ಬೆಳಿಗ್ಗೆ ನೆಟ್ ಸೆಂಟರಿನಲ್ಲಿ ಪಂಚನಾಮೆ ನಡೆಯಿತು. ಮೂರನೇ ನಂಬರಿನ ಕಂಪ್ಯೂಟರಿನಲ್ಲಿ ಶಾಲೆಯ ಪುಟ ತೆರೆದೊಡನೆ ಸಪನಾಳ ಹೆಸರು ಮೂಡಿತು. ಕುಕಿಗಳನ್ನು ಏಕೆ ಅಳಿಸುವುದಿಲ್ಲ ಎಂದು ಹವಾಲ್ದಾರ ಸತ್ತೆಪ್ಪ ಗದರಿದ. ಒಂದು ಮನೆಯವರನ್ನು ಯಾವಾಗಲೂ ಒಂದೇ ಕಂಪ್ಯೂಟರಿಗೆ ಕೂರಿಸುವುದು ತನ್ನ ಪದ್ಧತಿ, ಆಗ ಅವರವರ ಪುಟ ತಾನಾಗಿ ತೆರೆಯುತ್ತದೆ ಎಂದು ಸಂಭಾಜಿ ಹೇಳಿದ.

ಭೀಮಗೊಂಡ ರಿಜಿಸ್ಟರ್ ಎಳೆದುಕೊಂಡ. ಜೂನ್ 6, ಬೆಳಿಗ್ಗೆ 11-35, ಮೂರನೇ ಕಂಪ್ಯೂಟರ್, ರೇಷನ್ ಕಾರ್ಡ್ ಅರ್ಜಿ. ಮುಂದೆ ಸಪನಾಳ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಮಾಯಾಳ ಸಹಿ. ಅರ್ಜಿ ಹಿಂಪಡೆದದ್ದು 11-40ಕ್ಕೆ.

ಸಂಜೆ 4-15ಕ್ಕೆ ಜೀಪು ಕೊಗನೊಳ್ಳಿಯ ಮನೆ ಮುಂದೆ ನಿಂತಿತು. ಕಟ್ಟೆಯ ಮೇಲೆ ಮಾಯಾ ಸಪನಾಳ ನಾಲ್ಕು ವರ್ಷದ ಮಗಳಿಗೆ ಜಡೆ ಹಾಕುತ್ತಿದ್ದಳು. ಒಳಗಿನಿಂದ ಬಂದ ಸಪನಾಳಿಗೆ ಭೀಮಗೊಂಡ ರಿಜಿಸ್ಟರಿನಲ್ಲಿದ್ದ ಮಾಯಾಳ ಸಹಿ ತೋರಿಸಿದ.

"ನನ್ನ ಅನ್ನಾ ಕಸಗೊಂಡೆಲ್ಲ ಅಕ್ಕಾ."

"ನೀ ಓದಾಕ ಹೋದಾಗ ಈ ಕೂಸಿಗೆ ಅನ್ನಾ ಉಣಿಸಿದಾಕಿ ಯಾರು?"

ಮಾಯಾ ಇನ್‌ಸ್ಪೆಕ್ಟರನ ಕಡೆ ತಿರುಗಿದಳು. "ಇನ್ನೊಂದು ಜಡಿ ಹಾಕಿ ಬರ್ತೀನ್ರಿ."

"ನಡಿ."

ಮಹಿಳಾ ಪೇದೆ ಚನ್ನವ್ವ ಅವಳನ್ನು ಜೀಪು ಹತ್ತಿಸಿದಳು. ಮಗು ಒಂದೇ ಜಡೆಯಲ್ಲಿ ಹಿಂದೆ ಓಡಿತು. ಸಪನಾ ಅದರ ರಟ್ಟೆ ಹಿಡಿದು ನಿಲ್ಲಿಸಿದಳು.

ಠಾಣೆಯಲ್ಲಿ ಮಾಯಾ ಒಪ್ಪಿಕೊಂಡಳು. ಹಿಂದೆ ನೋಡಿದ ಪುಟಗಳ ಸಾಲಿನಲ್ಲಿದ್ದ ಶಾಲೆಯ ಹೆಸರು ಒತ್ತಿ, ಸಪನಾಳ ಪುಟ ತಾನಾಗಿ ತೆರೆದಾಗ ಅಥಣಿ ಎಂಬ ಹೆಸರೊಂದೇ ಅವಳಿಗೆ ಕಂಡಿತ್ತು. ನೌಕರಿ ಸಿಕ್ಕರೆ ಮಗುವೂ ಅಥಣಿಗೆ ಹೋಗುತ್ತಿತ್ತು. ಮಾಯಾಳಿಗೆ ಸ್ವಂತ ಮಕ್ಕಳಿರಲಿಲ್ಲ.

ಬುಧವಾರ ಶಾಲೆಗೆ ಠಾಣೆಯಿಂದ ಪತ್ರ ಹೋಯಿತು. ಹುದ್ದೆ ಸಪನಾಳಿಗೇ ಉಳಿಯಿತು.

ಬಂಧನದ ಹೊತ್ತಿಗೆ ಆರೋಪಿಯ ಕೈಯಲ್ಲಿದ್ದುದನ್ನು ಚನ್ನವ್ವ ಕಡತದಲ್ಲಿ ಬರೆದಿದ್ದಳು: ಕೆಂಪು ರಿಬ್ಬನ್, ಒಂದು.