ಗಂಧಕದ ಹೆಪ್ಪು

ಫಕೀರವ್ವ ಗಡಿಗೆಯ ಮುಚ್ಚಳ ತೆಗೆದಾಗ ಮೊಸರು ಗಟ್ಟಿಯಾಗಿ ಕೂತಿತ್ತು. ಹಿಂದಿನ ಸಂಜೆ ಅವಳು ಮಾಡಿದ್ದಿಷ್ಟೇ: ಉಗುರುಬೆಚ್ಚಗಿನ ಹಾಲಿಗೆ ಒಂದು ಚಿಟಿಕೆ ಬಿಳಿ ಪುಡಿ, ಅರ್ಧ ಚಮಚ ಹೆಪ್ಪು. ಮಿಕ್ಕಿದ್ದನ್ನು ಹೆಪ್ಪಿನೊಳಗಿನ ಬ್ಯಾಕ್ಟೀರಿಯಾ ಮಾಡಿ ಮುಗಿಸಿತ್ತು. ಬಿಳಿ ಪುಡಿ ಬೇರೇನಲ್ಲ, ಶೇಂಗಾ ಹೊಲಕ್ಕೆ ಹಾಕುವ ಜಿಪ್ಸಮ್ಮನ್ನೇ ಶುದ್ಧ ಮಾಡಿದ್ದು. ಅದರಲ್ಲಿ ಗಂಧಕ ಧಾರಾಳವಾಗಿದೆ, ಆದರೆ ನೇರವಾಗಿ ತಿಂದರೆ ಮನುಷ್ಯನ ಮೈಗೆ ಹತ್ತುವುದಿಲ್ಲ. ಮೆಥಿಯೋನಿನ್, ಸಿಸ್ಟೀನ್ ಎಂಬ ಅಮೈನೋ ಆಮ್ಲಗಳಾಗಿ, ಎಂದರೆ ಪ್ರೋಟೀನು ಕಟ್ಟುವ ಸಣ್ಣ ತುಣುಕುಗಳಾಗಿ ಒಳಗೆ ಹೋದರಷ್ಟೇ ಚರ್ಮ, ಉಗುರು, ಕೂದಲು ಅದನ್ನು ಬಳಸಿಕೊಳ್ಳಬಲ್ಲವು. ಗಿಡಗಳು ಮಾಡುವ ಆ ಕೆಲಸವನ್ನು ಮೊಸರಿನ ಬ್ಯಾಕ್ಟೀರಿಯಾಕ್ಕೆ ಕಲಿಸಿದವಳು ಡಾಕ್ಟರ್ ನೀಲಾಂಬಿಕೆ. ಕಲಿಸಲು ಹನ್ನೊಂದು ವರ್ಷ ಹಿಡಿದಿತ್ತು.

ಇಸವಿ 2068. ದೇಶದ ಕೊನೆಯ ಕಲ್ಲಿದ್ದಲು ಸ್ಥಾವರ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಗಾಳಿ ಚೊಕ್ಕವಾಯಿತೆಂದು ಎಲ್ಲರೂ ಹಿಗ್ಗಿದರು, ಹಿಗ್ಗಬೇಕಾದ್ದೇ. ಆದರೆ ಹೊಗೆಯಲ್ಲಿದ್ದ ಗಂಧಕ ಮಳೆಯ ಜೊತೆ ಇಳಿದು ಹೊಲಕ್ಕೆ ಪುಕ್ಕಟೆ ಗೊಬ್ಬರವೂ ಆಗುತ್ತಿತ್ತು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಅದು ನಿಂತಮೇಲೆ ಬೆಳೆ ಎಂದಿನಷ್ಟೇ ಬಂತು, ಕಾಳಿನೊಳಗಿನ ಸತ್ವ ಮಾತ್ರ ವರ್ಷ ವರ್ಷ ಇಳಿಯಿತು. ಹೊಲ ಸರಿಹೋಗಲು ಕಾಲ ಬೇಕು. ಮೈ ಅಲ್ಲಿಯತನಕ ಕಾಯುವುದಿಲ್ಲ. ಕೊಪ್ಪಳ ಸೀಮೆಯ ಕರಿಹುಲ್ಲೂರಿನಲ್ಲಿ ರೊಟ್ಟಿ ಬಡಿಯುವ ಹೆಂಗಸರ ಬೆರಳ ತುದಿ ಸೀಳಿ ರಕ್ತ ಬರುತ್ತಿತ್ತು, ಗಾಯ ತಿಂಗಳಾದರೂ ಮಾಯುತ್ತಿರಲಿಲ್ಲ. ಸರ್ಕಾರ ಗಂಧಕದ ಮಾತ್ರೆ ಹಂಚಿತು. ನುಂಗಿದವರು ತೇಗಿದರೆ ಕೊಳೆತ ಮೊಟ್ಟೆಯ ವಾಸನೆ. ಮೊಟ್ಟೆಯನ್ನೇ ಮುಟ್ಟದ ಮನೆಗಳಲ್ಲಿ ಅತ್ತೆ ಸೊಸೆಯನ್ನು, ಸೊಸೆ ಅತ್ತೆಯನ್ನು ಗುಮಾನಿಯಿಂದ ನೋಡತೊಡಗಿ, ಮಾತ್ರೆಗಳು ಎರಡೇ ವಾರದಲ್ಲಿ ತಿಪ್ಪೆ ಸೇರಿದವು. ಮೊಸರನ್ನಾದರೆ ಯಾರೂ ಬೇಡವೆನ್ನಲಾರರು ಎಂದು ನೀಲಾಂಬಿಕೆ ಹಟ ಹಿಡಿದದ್ದು ಇದಕ್ಕೇ.

ಪರೀಕ್ಷೆ ಯುಗಾದಿಗೆ ಶುರುವಾಯಿತು. ಮೇಲಿನ ಓಣಿಯ ಮೂವತ್ತು ಮನೆಗೆ ಗಂಧಕದ ಹೆಪ್ಪು, ಕೆಳಗಿನ ಓಣಿಯ ಮೂವತ್ತು ಮನೆಗೆ ಸಾದಾ ಹೆಪ್ಪು. ಬಿಳಿ ಪುಡಿ ಎರಡೂ ಕಡೆಗೆ. ಯಾರಿಗೆ ಯಾವುದು ಎಂದು ಊರಿನವರಿಗೆ ಹೇಳಿರಲಿಲ್ಲ. ಆರು ತಿಂಗಳ ನಂತರ ಎರಡೂ ಓಣಿಯವರ ಕೂದಲಿನಲ್ಲಿ ಗಂಧಕ ಅಳೆಯಬೇಕು. ವ್ಯತ್ಯಾಸ ಕಂಡರೆ ಹೆಪ್ಪಿಗೆ ಅನುಮತಿ, ಕಾಣದಿದ್ದರೆ ಹನ್ನೊಂದು ವರ್ಷದ ಕೆಲಸ ಅಲ್ಲಿಗೆ ಮುಗಿದಂತೆ.

ಮಹಾನವಮಿಯ ಹೊತ್ತಿಗೆ ಫಲಿತಾಂಶ ಬಂತು. ಎರಡೂ ಓಣಿಯ ಸರಾಸರಿ ಹೆಚ್ಚುಕಡಿಮೆ ಒಂದೇ ಇತ್ತು. ಸಾದಾ ಹೆಪ್ಪು ಪಡೆದವರ ಗಂಧಕವೂ ಏರಿಬಿಟ್ಟಿತ್ತು! ನೀಲಾಂಬಿಕೆ ಮರುದಿನವೇ ಮೇಲಿನ ಓಣಿಯ ಫಕೀರವ್ವನ ಮನೆಗೆ ಬಂದಳು.

“ಫಕೀರವ್ವಕ್ಕ, ಈ ಹೆಪ್ಪು ಯಾರಿಗರ ಕೊಟ್ಟೀರೇನು?”

“ಕೇಳಿದ್ರ ಕೊಡಲಾರದ ಇರಾಕ ಆಕ್ಕೈತೇನ್ರಿ ಬಾಯಾರ? ಬ್ಯಾಸಿಗ್ಯಾಗ ಕೆಳಗಿನ ಓಣಿಯವರ ಹೆಪ್ಪು ಕೆಟ್ಟು ಲೋಳಿ ಲೋಳಿ ಆತು. ವಾಟಗ ಹಿಡಕೊಂಡು ಬಂದ್ರು. ಕೊಟ್ನಿ.”

“ಓಣಿ ದಾಟಿಸಿ ಕೊಡಬಾರದು ಅಂತ ಕಾಗದದಾಗ ಬರದಿತ್ತಲ್ಲ? ಸಹಿ ಮಾಡೀರಿ.”

“ಔಷಧ ಕೊಡಬಾರದು ಅಂತಿತ್ರಿ. ನಾ ಔಷಧ ಎಲ್ಲಿ ಕೊಟ್ನಿ? ಹೆಪ್ಪು ಕೊಟ್ನಿ. ಹೆಪ್ಪು ಕೇಳಾಕ ಬಂದವರನ್ನ ಬರಿಗೈಲೆ ಕಳಿಸಿದ ಮನಿ ಈ ಊರಾಗ ಒಂದಿಲ್ಲ ನೋಡ್ರಿ.”

ನೀಲಾಂಬಿಕೆಗೆ ತನ್ನ ಮೇಲೆಯೇ ಸಿಟ್ಟು ಬಂತು. ಗದಗಿನಲ್ಲಿ ಬೆಳೆದವಳು, ಚಿಕ್ಕಂದಿನಲ್ಲಿ ಬಟ್ಟಲು ಹಿಡಿದು ಹೆಪ್ಪಿಗಾಗಿ ಪಕ್ಕದ ಮನೆಗೆ ಅದೆಷ್ಟು ಸಲ ಓಡಿದ್ದಳೋ. ಪರೀಕ್ಷೆಯ ಯೋಜನೆ ಬರೆಯುವಾಗ ಅದೊಂದೂ ನೆನಪಾಗಿರಲಿಲ್ಲ. ಈಗ ಹೆಪ್ಪು ಹರಡಿದ್ದನ್ನು ಮುಚ್ಚಿಟ್ಟರೆ ಅದು ನಿರುಪಯೋಗಿ ಎಂದಾಗುತ್ತದೆ. ಒಪ್ಪಿಕೊಂಡರೆ ಪರೀಕ್ಷೆಯೇ ರದ್ದು. ಅವಳು ಒಪ್ಪಿಕೊಂಡಳು, ಜೈವಿಕ ಸುರಕ್ಷಾ ಸಮಿತಿಗೆ ಅಂದೇ ಪತ್ರ ಬರೆದಳು, ಇನ್ನೊಂದು ತಿಂಗಳ ಕಾಲಾವಕಾಶವನ್ನೂ ಕೇಳಿದಳು. ಕೈಚೆಲ್ಲಿ ಕೂರುವ ಜಾತಿಯ ಹೆಣ್ಣಲ್ಲ ಅವಳು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬುಡದಿಂದ ಒಂದೊಂದೇ ಸೆಂಟಿಮೀಟರ್ ಕತ್ತರಿಸಿ ಅಳೆದರೆ ಯಾವ ತಿಂಗಳು ಮೈಗೆ ಎಷ್ಟು ಗಂಧಕ ಸಿಕ್ಕಿತೆಂದು ತಿಳಿಯುತ್ತದೆ. ಮೊದಲು ಕೆಳಗಿನ ಓಣಿಯ ಹೆಂಗಸರನ್ನು ಕೂರಿಸಿಕೊಂಡು ಯಾರ ಮನೆಯಿಂದ, ಯಾವಾಗ ಹೆಪ್ಪು ತಂದಿರಿ ಎಂದು ಕೇಳಿದಳು. ಅವರು ತಾರೀಖು ಹೇಳಲಿಲ್ಲ. “ಬಸವ ಜಯಂತಿ ಮರುದಿನ,” ಎಂದಳು ಒಬ್ಬಳು. “ಕಾರಹುಣ್ಣಿವಿ ಇನ್ನೂ ಎರಡು ದಿನ ಐತಿ ಅನ್ನೂವಾಗ,” ಎಂದಳು ಇನ್ನೊಬ್ಬಳು. ಅದೆಲ್ಲವನ್ನೂ ಬರೆದು ಲಕೋಟೆಯಲ್ಲಿಟ್ಟು ಸಮಿತಿಯ ಅಧಿಕಾರಿ ಗಲಗಲಿಯ ಕೈಗೆ ಕೊಟ್ಟ ನಂತರವೇ ಕೂದಲು ಅಳೆದಳು. ಲಕೋಟೆ ಒಡೆದಾಗ ಹೆಪ್ಪು ತಂದ ಇಪ್ಪತ್ತೈದು ಮನೆಗಳ ಪೈಕಿ ಇಪ್ಪತ್ಮೂರರಲ್ಲಿ ಹೆಂಗಸರ ನೆನಪೂ ಕೂದಲಿನ ಗಂಧಕವೂ ಒಂದೇ ತಿಂಗಳನ್ನು ತೋರಿಸಿದವು. ಗಲಗಲಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದ.

ಉಳಿದದ್ದು ಕೆಳಗಿನ ಓಣಿಯ ಕೊನೆಯ ಐದು ಮನೆ. ಅಲ್ಲಿ ಯಾರ ಕೂದಲಿನಲ್ಲೂ ಗಂಧಕ ಕೂದಲೆಳೆಯಷ್ಟೂ ಏರಿರಲಿಲ್ಲ. ನೀಲಾಂಬಿಕೆ ಮೊದಲನೆಯ ಮನೆಯ ಹುಲಿಗೆವ್ವನನ್ನು ಕೇಳಿದಳು.

“ನಿಮ್ಮ ಹೆಪ್ಪು ಕೆಡಲಿಲ್ಲೇನಕ್ಕಾ?”

“ಕೆಟ್ಟಿತ್ರಿ. ನಾವು ಐದು ಮನಿಯವರ ಒಬ್ಬರಿಗೊಬ್ಬರು ಕೊಟ್ಟು ತಗೊಂಡು ನಡಿಸಿದ್ವಿ.”

“ಮ್ಯಾಲಿನ ಓಣಿಗೆ ಹೋಗಿ ಕೇಳಲಿಲ್ಲ?”

“ನೀವು ಗದಗಿನವರಲ್ಲೇನ್ರಿ ಬಾಯಾರ? ನಿಮಗ ಗೊತ್ತಿಲ್ಲೇನು?”

ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ನಾಚಿಕೆ ಇನ್ನೊಂದಿತ್ತು: ಕೆಟ್ಟುಹೋಯಿತೆಂದುಕೊಂಡ ಸಾದಾ ಹೆಪ್ಪಿನ ಹೋಲಿಕೆ ಈ ಐದು ಮನೆಗಳಲ್ಲಿ ಕೆಡದೆ ಉಳಿದಿತ್ತು. ಊರು ಇವರಿಗೆ ಹೆಪ್ಪು ಕೊಡದೇ ಇದ್ದುದರಿಂದ ಅವಳ ಹೆಪ್ಪು ಗೆದ್ದಿತ್ತು.

ವರದಿಯಲ್ಲಿ ಆ ಐದು ಮನೆಗಳ ಎದುರು ಕಾರಣವನ್ನು ಇದ್ದದ್ದು ಇದ್ದ ಹಾಗೆ ಬರೆದಳು. ಗಲಗಲಿಗೆ ಅದು ಸರಿಬರಲಿಲ್ಲ.

“ಇದು ವಿಜ್ಞಾನದ ವರದಿ, ಮೇಡಂ. ಜಾತಿ ಗೀತಿ ಯಾಕ ಇದರಾಗ? ಆ ಸಾಲು ತಗೀರಿ, ನಾಳೆನ ಸಹಿ ಆಗ್ತದ.”

“ಹೆಪ್ಪು ಎಲ್ಲಾ ಕಡೆ ಹರಡಿ ಅಲ್ಲಿಗೆ ಮಾತ್ರ ಯಾಕ ಮುಟ್ಟಲಿಲ್ಲ ಅಂತ ಬರೀಲಿಲ್ಲಂದ್ರ ವರದಿ ಸುಳ್ಳಾಗ್ತದ. ಆ ಸಾಲು ಹೋದ್ರ ನನ್ನ ಹೆಸರೂ ತಗೀರಿ.”

ಸಹಿ ನಾಳೆ ಆಗಲಿಲ್ಲ. ಎರಡು ತಿಂಗಳು ತಡವಾಗಿ, ಆ ಸಾಲಿನ ಸಮೇತ ಆಯಿತು, ಜೊತೆಗೆ ಷರತ್ತುಗಳು ಬಂದವು. ಹರಡಿಹೋದ ಹಳೆಯ ಹೆಪ್ಪನ್ನೆಲ್ಲ ಕುದಿಸಿ ಚೆಲ್ಲಬೇಕು. ಹೊಸ ಹೆಪ್ಪಿನಿಂದ ಒಂದು ಸಲ ಮಾತ್ರ ಗಂಧಕದ ಮೊಸರು ಕೂರುವಂತೆ ಮಾಡಬೇಕು. ಆ ಮೊಸರನ್ನು ಮತ್ತೆ ಹೆಪ್ಪಾಗಿ ಹಾಕಿದರೆ ಸಾದಾ ಮೊಸರಷ್ಟೇ ಆಗಬೇಕು. ತಾಯಿ ಹೆಪ್ಪು ಊರಿಗೊಬ್ಬರ ಮನೆಯಲ್ಲಿರಬೇಕು, ಬೇಕಾದವರು ವಾರಕ್ಕೊಮ್ಮೆ ಅಲ್ಲಿಗೇ ಬಂದು ಒಯ್ಯಬೇಕು. ಕರಿಹುಲ್ಲೂರಿಗೆ ನೀಲಾಂಬಿಕೆ ಹುಲಿಗೆವ್ವನ ಹೆಸರು ಬರೆದಳು.

“ಆ ಮನಿಗೆ ಜನ ಬರ್ತಾರೇನ್ರಿ?” ಎಂದು ಗಲಗಲಿ ಕೇಳಿದ.

“ಕಾಗದದಾಗ ಬರದಂಗ ನಡಕೊಂಡ ಮನಿ ಊರಾಗ ಐದ ಅವ. ಮುರಿದವರ ಕೈಗೆ ಕೊಡ್ರಿ ಅಂತ ನೀವು ಬರದು ಕೊಡ್ರಿ, ಕೊಡ್ತೀನಿ.”

ಅಂಥದ್ದನ್ನು ಬರೆದುಕೊಡುವ ಅಧಿಕಾರಿ ಇನ್ನೂ ಹುಟ್ಟಿಲ್ಲ. ಸಂಕ್ರಾಂತಿಯ ವಾರ ಹಳೆಯ ಹೆಪ್ಪು ಗಟಾರ ಸೇರಿತು, ಹೊಸ ತಾಯಿ ಹೆಪ್ಪು ಹುಲಿಗೆವ್ವನ ಮನೆಗೆ ಬಂತು. ಅವಳು ಅಂಗಳ ಸಾರಿಸಿ, ಬಾಗಿಲು ತೆರೆದು ಕೂತಳು.

“ಬರಲಿಲ್ಲಂದ್ರ?” ಎಂದಳು.

“ನಾ ಬರ್ತೀನಿ, ವಾರಾ ವಾರಾ. ಅವರು ನೋಡೂವಂಗ ಓಣಿ ನಡುವ ನಡಕೊಂಡು,” ಎಂದಳು ನೀಲಾಂಬಿಕೆ.

ಹಾಗೆಯೇ ಬಂದಳು. ಮೊದಲ ವಾರ ಅವಳ ಹಿಂದೆ ಯಾರೂ ಇರಲಿಲ್ಲ, ಎರಡನೆಯ ವಾರವೂ ಇಲ್ಲ. ಮೂರನೆಯ ವಾರ ಮೇಲಿನ ಓಣಿಯ ಬಾಣಂತಿಯೊಬ್ಬಳು ಬಂದು, ಬೇಗ ಕೊಡು ಎಂದು ಅವಸರ ಮಾಡಿ ಒಯ್ದಳು. ಆಮೇಲೆ ಅವಳ ಗೆಳತಿಯರು ಬಂದರು. ಊರಿನಲ್ಲಿ ಮಾತು ಬೆಳೆಯಿತು, ಬೈಗುಳವೂ ಆಯಿತು. ಬೆರಳು ಮತ್ತೆ ಸೀಳತೊಡಗಿದಾಗ ಮಾತು ಕಮ್ಮಿಯಾಯಿತು.

ವರ್ಷದ ಕೊನೆಗೆ ನೀಲಾಂಬಿಕೆ ಮತ್ತೆ ಕೂದಲು ಅಳೆದಳು. ಫಕೀರವ್ವನ ಕೂದಲಿನಲ್ಲಿ ಸಂಕ್ರಾಂತಿಯಿಂದ ಆಚೆಗೆ ಐದು ಸೆಂಟಿಮೀಟರ್ ಉದ್ದಕ್ಕೆ ಗಂಧಕ ಕುಸಿದಿತ್ತು, ಆಮೇಲೆ ಏರಿತ್ತು. ಊರಿನಲ್ಲಿ ಎಲ್ಲರಿಗಿಂತ ತಡವಾಗಿ ಆ ಬಾಗಿಲಿಗೆ ಹೋದವಳು ಅವಳೇ.

“ಐದು ತಿಂಗಳೇನ್ರಿ?” ಎಂದಳು ಫಕೀರವ್ವ, ಮಾಯ್ದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತ. “ನನಗ ಹತ್ತು ದಿನ ಆಗಿರಬೇಕು ಅನ್ನಿಸಿತ್ತು. ಕೇಳಿದವರಿಗೆ ಇಲ್ಲ ಅಂದಾಕಿ ಅಲ್ಲ ನಾನು, ಬಾಯಾರ. ಆದ್ರ ಆ ಐದು ಮನಿಯವರು ಕೇಳಾಕ ಬರೂದಿಲ್ಲಂತ ನನಗ ಗೊತ್ತಿತ್ತು. ಸಣ್ಣಾಕಿ ಇದ್ದಾಗ ನಮ್ಮವ್ವ ವಾಟಗ ಕೊಟ್ಟು, ಹೆಪ್ಪು ತಗೊಂಬಾ ಅಂತ ಕಳಿಸ್ತಿದ್ಲು. ಯಾರ ಮನಿಗರ ಹೋಗು, ಓಣಿ ಕೊನಿಗೆ ಮಾತ್ರ ಹೋಗಬ್ಯಾಡ ಅಂತಿದ್ಲು. ಯಾಕಂತ ನಾ ಒಂದಿನಾನೂ ಕೇಳಲಿಲ್ಲ.”

“ಅದು ಯಾವ ಇಸ್ವಿ ಫಕೀರವ್ವಕ್ಕ?” ನೀಲಾಂಬಿಕೆ ಪೆನ್ನು ತೆಗೆದಳು. ಕೂದಲು ಹೇಳಲಾರದ್ದನ್ನೂ ವರದಿಯಲ್ಲಿ ಸೇರಿಸಬೇಕೆಂದು ಅವಳು ಗಟ್ಟಿಮಾಡಿಕೊಂಡಿದ್ದಳು.

ಫಕೀರವ್ವ ಬೆರಳು ಮಡಚಿ ಎಣಿಸಿದಳು.

“ನಾ ನಾಕನೇ ಕ್ಲಾಸ್ ಇದ್ನಿ. ಎರಡು ಸಾವಿರದ ಇಪ್ಪತ್ತಾರು.”