ಹಿಂದಿನ ಚಕ್ರದ ಗಾಳಿ

ಅವನೇ ಇರಬಹುದಾ... ಛೇ, ಅಷ್ಟು ಸಣ್ಣತನಕ್ಕೆ ಇಳಿಯುತ್ತಾನಾ? ಆದರೆ ಅವನಲ್ಲದಿದ್ದರೆ ಇನ್ಯಾರು?

ವನಿತಾ ತನ್ನ ಸ್ಕೂಟರಿನ ಹಿಂದಿನ ಚಕ್ರವನ್ನೇ ನೋಡುತ್ತ ನಿಂತಿದ್ದಳು. ಮತ್ತೆ ಗಾಳಿಯಿಲ್ಲ. ಬೇರೆ ದಿನಗಳಲ್ಲಿ ಗಾಡಿ ಸರಿಯಾಗಿಯೇ ಇರುತ್ತದೆ. ರಾತ್ರಿ ಡ್ಯೂಟಿ ಮಾಡಿ, ಮರುದಿನ ಸಂಜೆಯವರೆಗೂ ವಾರ್ಡು, ಹೊರರೋಗಿಗಳ ಒಪಿಡಿ ಎಂದು ಓಡಾಡಿ, ಕೊನೆಗೂ ಟಿ. ನರಸೀಪುರದ ಮನೆಗೆ ಹೊರಟ ದಿನವೇ ಹೀಗಾಗುತ್ತದೆ.

ನಂಜನಗೂಡಿನ ಹೊರಗಿದ್ದ ಈ ಟ್ರಸ್ಟ್ ಆಸ್ಪತ್ರೆಗೆ ಅವಳು ಎಂ.ಡಿ. ಓದಲು ಸೇರಿದ್ದಳು. ಇಲ್ಲಿ ಓದುವುದೆಂದರೆ ಎಚ್ಚರವಾಗಿರುವುದು ಎಂದು ಯಾರೂ ಹೇಳಿರಲಿಲ್ಲ.

"ಮಾದಪ್ಪಣ್ಣ, ಗಾಡಿ ಹತ್ರ ಯಾರು ಬಂದಿದ್ರು?"

ಗಾಡಿ ಸ್ಟ್ಯಾಂಡಿನ ಕಾವಲುಗಾರ ಮಾದಪ್ಪ ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿದ. "ನಂಗೇನ್ ಗೊತ್ತವ್ವ. ಗಾಳಿ ಅಲ್ವಾ, ಬತ್ತದೆ, ಓಯ್ತದೆ."

"ಅದ್ಯಾಕೆ ನನ್ನ ಗಾಡಿದೇ ಹೋಗುತ್ತೆ? ಪಂಚರ್ ಇಲ್ಲ, ಯಾರೋ ಬೇಕಂತ ಬಿಟ್ಟಿದಾರೆ ಅಂತ ಹೋದ್ಸಲ ಪಂಚರ್ ಅಂಗಡಿಯವ್ನೇ ಹೇಳ್ದ."

"ದೊಡ್ಡೋರ್ ವಿಷ್ಯ. ಗಲ್ಲದ್ ಕೆಳ್ಗೆ ಗಾಯದ್ ಗುರ್ತು ಇರೋ ಡಾಕ್ಟ್ರು ಅಂತ ನಾನೇನಾರ ಏಳಿದ್ನಾ? ಏಳ್ಲಿಲ್ಲ ತಾನೇ? ಅಷ್ಟೇಯ."

ಜಗನ್.

ಅವಳ ಮೈಯೆಲ್ಲ ಉರಿಯಿತು. ಜಗನ್ ಅವಳ ಯೂನಿಟ್ಟಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿ, ಅವಳಿಗೆ ಹಿರಿಯ. ಸೇರಿದ ಹೊಸದರಲ್ಲಿ ರೋಗಿಯ ಕೈಗೆ ಸೂಜಿ ಹಾಕಲು ನಿಂತವಳು ನಿಂತಲ್ಲೇ ತೂಕಡಿಸಿದ್ದಳು. ಅವನು ಸೂಜಿಯನ್ನು ಮೆಲ್ಲಗೆ ತೆಗೆದುಕೊಂಡು, "ಹೋಗಿ, ಮುಖ ತೊಳ್ಕೊಂಡ್ ಬನ್ನಿ" ಎಂದಿದ್ದ. ಇಡೀ ವಾರ್ಡಿನ ಎದುರು. ಆ ಅವಮಾನ ಇನ್ನೂ ಆರಿರಲಿಲ್ಲ. ವಿಚಿತ್ರವೆಂದರೆ, ಕೈ ತಾಗಿದ ಆ ಕ್ಷಣವನ್ನೂ ಅವಳು ಮರೆತಿರಲಿಲ್ಲ.

ಇನ್ನು ಸಾಕು. ನಾಳೆಯೇ ಯೂನಿಟ್ಟಿನ ಚೀಫ್ ನಾಗೇಂದ್ರ ಅವರನ್ನು ಕೇಳಿ ಬೇರೆ ಯೂನಿಟ್ಟಿಗೆ ಹೋಗಿಬಿಡುತ್ತೇನೆ. ಆಮೇಲೆ ಇವನ ಮುಖವನ್ನೂ ನೋಡಬೇಕಿಲ್ಲ...

ಡ್ಯೂಟಿ ರೂಮಿನಲ್ಲಿ ಜಗನ್ ಒಂದೇ ಶೂ ಹಾಕಿಕೊಂಡು ಕೂತು ಬೆಳಿಗ್ಗೆಯ ಇಡ್ಲಿ ತಿನ್ನುತ್ತಿದ್ದ.

"ನನ್ನ ಗಾಡಿ ಗಾಳಿ ಬಿಟ್ಟಿದ್ದು ನೀವಾ ಸರ್?"

"ಹೌದು."

ಅವನು ಅಲ್ಲಗಳೆಯುತ್ತಾನೆಂದೇ ಅವಳು ಜಗಳಕ್ಕೆ ಸಿದ್ಧವಾಗಿ ಬಂದಿದ್ದಳು. "ಯಾಕೆ?"

"ಬಸ್ಸಲ್ಲಿ ಹೋಗ್ಲಿ ಅಂತ. ಬಸ್ಸಲ್ಲಾದ್ರೆ ನಿದ್ದೆ ಬಂದ್ರೂ ಪರವಾಗಿಲ್ಲ."

"ನನಗೆ ಹೇಳೋದು ಬಿಟ್ಟು ಟೈರಿಗೆ ಹೇಳ್ತೀರಾ?"

"ಹೇಳ್ದೆ. ಮಲಗಿ ಎದ್ದು ಹೋಗಿ ಅಂದಾಗೆಲ್ಲ 'ನಂಗೇನೂ ಆಗಿಲ್ಲ ಸರ್' ಅಂದ್ರಿ."

"ಇನ್ನೇನ್ ಅನ್ಬೇಕಿತ್ತು? ಇಲ್ಲಿ ಸುಸ್ತಾಗಿದೆ ಅಂದವ್ರಿಗೆ ಏನ್ ಸಿಗುತ್ತೆ? ನಮ್ಮ ಕಾಲದಲ್ಲಿ..."

"...ನಾವು ಮನೆ ದಾರಿನೇ ಮರ್ತಿದ್ವಿ." ಚೀಫ್ ಅವರ ಮಾತನ್ನು ಜಗನ್ ಅವರದೇ ದನಿಯಲ್ಲಿ ಮುಗಿಸಿದ.

ವನಿತಾಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಕಣ್ಣು ತುಂಬಿದ್ದನ್ನು ಅವನು ನೋಡಬಾರದೆಂದು ಕಿಟಕಿಯತ್ತ ತಿರುಗಿದಳು.

"ಮನೆಗೆ ಹೋಗಿ ಒಂದು ತುತ್ತು ಅನ್ನ ತಿಂದು ಮಲಗ್ಬೇಕು, ಅಷ್ಟೇ ನಂಗೆ ಬೇಕಿರೋದು. ಅದಕ್ಕೂ ಅಡ್ಡ ಬಂದ್ರಿ. ನಿಜವಾಗ್ಲೂ ಕಾಳಜಿ ಇದ್ರೆ ಚೀಫ್ ಮುಂದೆ ಮಾತಾಡ್ಬೇಕಿತ್ತು. ಅದಕ್ಕೆ ಧೈರ್ಯ ಇಲ್ಲ, ಕದ್ದು ಗಾಳಿ ಬಿಡೋಕೆ ಮಾತ್ರ ಇದೆ. ನಾನು ಬೇರೆ ಯೂನಿಟ್ ಕೇಳ್ತೀನಿ."

ಅವನು ಇಡ್ಲಿಯ ಪೊಟ್ಟಣ ಮಡಚಿಟ್ಟ. ಇನ್ನೊಂದು ಶೂ ಹಾಕಿಕೊಂಡು ಹೊರಗೆ ನಡೆದ.

ಹೊರಟೇಬಿಟ್ಟ. ಇವನಿಂದ ಇನ್ನೇನು ನಿರೀಕ್ಷಿಸಲಿ...

ಅವಳು ಕೆಳಗಿಳಿದು ಬಂದಾಗ ಅವನು ಚೀಫ್ ಅವರ ಕಾರಿನ ಬಳಿ ನಿಂತಿದ್ದ.

"ರಾತ್ರಿ ಡ್ಯೂಟಿ ಮಾಡಿದವ್ರನ್ನ ಬೆಳಿಗ್ಗೆ ರೌಂಡ್ಸ್ ಆದ್ಮೇಲೆ ಮನೆಗೆ ಬಿಡ್ಬೇಕು ಸರ್."

"ಆ ಹುಡುಗಿ ಸುಸ್ತು ಅಂತ ಅಳ್ತಿದಾಳಾ?" ನಾಗೇಂದ್ರ ಸೀಟ್ ಬೆಲ್ಟ್ ಎಳೆದುಕೊಂಡರು.

"ಇಲ್ಲ ಸರ್. ಕೇಳ್ತಿರೋದು ನಾನು."

"ನಮ್ಮ ಕಾಲದಲ್ಲಿ..."

"ಗೊತ್ತು ಸರ್. ಅವ್ರ ಒಪಿಡಿ ನಾನು ನೋಡ್ಕೋತೀನಿ."

"ಫೈನಲ್ ಪರೀಕ್ಷೆ ಹತ್ರ ಇದೆ ನಿಂಗೆ. ಫೇಲಾದ್ರೆ ನನ್ನ ಹತ್ರ ಬರ್ಬೇಡ."

"ಬರಲ್ಲ ಸರ್."

"ಏನಾದ್ರೂ ಮಾಡ್ಕೊಳಿ. ಒಪಿಡಿ ನಿಲ್ಲಬಾರದು, ಅಷ್ಟೇ." ಕಾರು ಹೊರಟಿತು. ಡ್ಯೂಟಿ ಕಡಿಮೆಯಾಗಲಿಲ್ಲ. ಅವಳ ಹೆಗಲಿನಿಂದ ಇಳಿದು ಅವನ ಹೆಗಲೇರಿತು, ಅಷ್ಟೆ. ವನಿತಾಗೆ ಅದು ಅರ್ಥವಾಯಿತು. ಬೇರೆ ಯೂನಿಟ್ಟಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ನರಸೀಪುರದ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಅವನು ಕೆಳಗೆ ನಿಂತಿದ್ದ.

"ಗಾಡಿಗೆ ಗಾಳಿ ಹಾಕ್ಸಿ ಇಡ್ತೀನಿ."

"ಮತ್ತೆ ಬಿಡೋದಕ್ಕಾ?"

"ಸುಸ್ತಾದಾಗ ಸುಸ್ತು ಅಂತ ಹೇಳಿದ್ರೆ ಬಿಡಲ್ಲ."

ವನಿತಾ ಕಿಟಕಿಯ ಸರಳಿಗೆ ಹಣೆಯಾನಿಸಿದಳು. ಈ ಮಾತನ್ನು ಈ ಆಸ್ಪತ್ರೆಯಲ್ಲಿ ಅವಳು ಯಾರೆದುರೂ ಆಡಿರಲಿಲ್ಲ.

"ತುಂಬಾ ಸುಸ್ತಾಗಿದೆ, ಜಗನ್."

'ಸರ್' ಇರಲಿಲ್ಲ. ಅವನು ಅದನ್ನು ಗಮನಿಸಿದ. ಸರಳಿನ ಮೇಲಿದ್ದ ಅವಳ ಬೆರಳುಗಳ ಮೇಲೆ ತನ್ನ ಕೈಯಿಟ್ಟ.

"ಮಲಗು. ಊರು ಬಂದಾಗ ಎಬ್ಬಿಸು ಅಂತ ಕಂಡಕ್ಟರ್‌ಗೆ ಹೇಳಿದೀನಿ."

"ಆ ಗಾಯ ಹೇಗಾಯ್ತು?" ಬಸ್ಸು ಅಲುಗಾಡಿದಾಗ ಅವಳು ಅವನ ಗಲ್ಲ ನೋಡುತ್ತ ಕೇಳಿದಳು.

"ಕ್ರಿಕೆಟ್ ಆಡ್ತಾ."

ಬಸ್ಸು ತಿರುವು ದಾಟುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.

ಜಗನ್ ಎಂದೂ ಕ್ರಿಕೆಟ್ ಆಡಿದವನಲ್ಲ. ಮೊದಲ ವರ್ಷದಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಮೈಸೂರಿಗೆ ಹೋಗುವಾಗ, ತಾಂಡವಪುರದ ಹತ್ತಿರ ಬೈಕಿನ ಮೇಲೇ ಅವನಿಗೆ ನಿದ್ದೆ ಬಂದುಬಿಟ್ಟಿತ್ತು. ಅದನ್ನು ಅವನು ಅವಳಿಗೆ, ಅವಳನ್ನೇ ಮದುವೆಯಾದ ಮೇಲೂ, ಹೇಳಲಿಲ್ಲ.