ದಂಡೆಯದಲ್ಲದ ಮರಳು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು, ಸೋಮವಾರ. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟುಹೋಗಿದ್ದ. ಇನ್ನು ಮೇಲೆ ಒಂದೇ ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹತ್ತೂಕಾಲಿಗೆ ಅವಳು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಶವಾಗಾರದವರು ಕೊಟ್ಟ ಬಟ್ಟೆಯ ಪೊಟ್ಟಣವಿತ್ತು.

ದಫೇದಾರ ಅವಳ ಗುರುತು ಹಿಡಿದು, ಎದ್ದು ಕುರ್ಚಿ ಎಳೆದುಕೊಟ್ಟ. ಎರಡು ವಾರದ ಹಿಂದೆ ಸಮುದ್ರದ ದಂಡೆಯಲ್ಲಿ ಅವಳ ಗಂಡನ ಶವದ ಪಂಚನಾಮೆ ಬರೆದವನು ಅವನೇ. ಮೃತ, ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಅಧ್ಯಾಪಕ. ವಯಸ್ಸು ಮೂವತ್ತನಾಲ್ಕು. ಬಟ್ಟೆ ಒದ್ದೆ. ಚಪ್ಪಲಿಗಳು ಮರಳಿನ ಮೇಲೆ ಜೋಡಿಸಿಟ್ಟಂತೆ ಇದ್ದವು. ಅಸಹಜ ಸಾವು ಎಂದು ದಾಖಲಾಗಿತ್ತು. ಕಡತ ಮುಚ್ಚುವುದಷ್ಟೇ ಬಾಕಿ.

"ದೂರು ಕೊಡಬೇಕು," ಎಂದಳು.

"ಯಾರ ಮೇಲಮ್ಮಾ?"

"ಗೊತ್ತಿಲ್ಲ. ಅವರು ಸಮುದ್ರದಲ್ಲಿ ಸತ್ತಿಲ್ಲ."

ಪೊಟ್ಟಣ ಬಿಚ್ಚಿ ಪ್ಯಾಂಟಿನ ಜೇಬನ್ನು ಹೊರಮಗುಚಿ ತೋರಿಸಿದಳು. ಒಗೆಯಲೆಂದು ತೆಗೆದಾಗ ಕಂಡದ್ದು. ಹೊಲಿಗೆಯ ಮೂಲೆಯಲ್ಲಿ ಕಪ್ಪು ಕೆಸರು ಮೆತ್ತಿಕೊಂಡು ಒಣಗಿತ್ತು.

"ದಂಡೇಲಿ ಸಿಕ್ಕವರ ಜೇಬಲ್ಲಿ ಮರಳಿರದೆ ಸಕ್ಕರೆ ಇರುತ್ತಾ ತಾಯಿ?" ಎಂದ ದಫೇದಾರ, ಎಂದಮೇಲೆ ನಾಲಿಗೆ ಕಚ್ಚಿಕೊಂಡ.

"ಇದು ಮರಳಲ್ಲ, ಕೆಸರು. ನಮ್ಮ ದಂಡೇನ ತೆರೆ ತೊಳೀತಾನೇ ಇರುತ್ತೆ, ಅಲ್ಲಿ ಕೆಸರು ನಿಲ್ಲಲ್ಲ. ಇಲ್ಲಿ ನೋಡಿ, ಸಾಸಿವೆಯಷ್ಟು ಶಂಖ. ಈ ಹುಳ ಬದುಕೋದು ಹಿನ್ನೀರಲ್ಲಿ. ಉಪ್ಪುನೀರು ಸಿಹಿನೀರು ಬೆರೆತು ನಿಂತಿರಬೇಕು. ಅಂಥ ನೀರು ಈಗ ಈ ಊರಲ್ಲಿ ಇಲ್ಲ."

ಒಳಕೋಣೆಯಿಂದ ಇನ್‌ಸ್ಪೆಕ್ಟರ್ ಬಂದು ಬಾಗಿಲಲ್ಲಿ ನಿಂತಿದ್ದರು.

"ನಿಮಗೆ ಹೇಗೆ ಗೊತ್ತು?"

"ನಾನೂ ಓದಿದ್ದು ಅದೇ. ಇಬ್ಬರೂ ಒಂದೇ ಕ್ಲಾಸು."

"ಅವತ್ತು ಬೆಳಗ್ಗೆ ಮನೇಲಿ ಮಾತಾಯ್ತು ಅಂತ ನಿಮ್ಮ ಮಾವನವರ ಹೇಳಿಕೆ ಇದೆ."

"ಆಗಿತ್ತು."

"ಏನಂದ್ರಿ?"

"ಆ ಮಣ್ಣಿನ ಜೊತೇಲೇ ಇದ್ದುಬಿಡಿ, ಮನೆಗೆ ಬರಬೇಡಿ ಅಂದೆ."

ಇನ್‌ಸ್ಪೆಕ್ಟರ್ ಕಡತ ತೆಗೆದು ನೋಡಿದರು. ಜೋಡಿಸಿಟ್ಟ ಚಪ್ಪಲಿ, ಈಜು ಬಾರದ ಮನುಷ್ಯ, ಬೆಳಗಿನ ಜಗಳ. ಊರು ತನ್ನ ಲೆಕ್ಕ ಮುಗಿಸಿತ್ತು. ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಆದರೆ ಮಾವ ನಿನ್ನೆ ಹೊರಡುವಾಗ ಅವಳ ಮುಖ ನೋಡದೆ ಆಟೋ ಹತ್ತಿದ್ದರು.

"ಅವರಾಗೇ ಹೋದರೋ ಇಲ್ವೋ," ಎಂದಳು ಅವಳು. "ನನಗೆ ಅಷ್ಟು ಗೊತ್ತಾದ್ರೆ ಸಾಕು."

ಮಧ್ಯಾಹ್ನ ಎರಡೂವರೆಗೆ ಇನ್‌ಸ್ಪೆಕ್ಟರ್ ಆಸ್ಪತ್ರೆಯಲ್ಲಿದ್ದರು. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ಊಟದ ಡಬ್ಬಿ ಮುಚ್ಚುತ್ತಿದ್ದರು.

"ಶ್ವಾಸನಾಳದಲ್ಲಿ ಮರಳಿತ್ತು ಅಂತ ಬರೆದಿದೀರಿ."

"ಇತ್ತು. ದಂಡೇಲಿ ಮುಳುಗಿದವರಿಗೆ ಇರುತ್ತೆ."

"ಯಾವ ಮರಳು?"

"ಮರಳಲ್ಲೂ ಜಾತಿ ನೋಡ್ತಾರೇನ್ರೀ?"

"ನೋಡ್ತಾರಂತೆ ಡಾಕ್ಟ್ರೇ. ತೆಗೆದಿಟ್ಟಿದೀರಾ?"

ತೆಗೆದಿಟ್ಟಿದ್ದರು. ಮೊಹರು ಮಾಡಿದ ಸಣ್ಣ ಶೀಷೆ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಹೋಯಿತು. ಅದರ ಪಕ್ಕದಲ್ಲಿ ದಫೇದಾರ ತಂದ ದಂಡೆಯ ಮರಳು, ಚಹಾದ ಕಾಗದದ ಲೋಟದಲ್ಲಿ. ಮೃತನ ಸಹೋದ್ಯೋಗಿಯಾಗಿದ್ದ ಹೆಂಗಸು ಎರಡನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಮತ್ತೊಮ್ಮೆ ನೋಡಿದಳು. ಕನ್ನಡಕ ತೆಗೆದು ಒರೆಸಿಕೊಂಡಳು.

"ದಂಡೆಯದು ದಪ್ಪ, ಬಿಳಿ, ಹೊಳಪು. ನೀರಲ್ಲಿ ಉರುಳಿದ್ದು. ಶೀಷೆಯಲ್ಲಿರೋದು ನುಣುಪು ಹಿಟ್ಟಿನ ಹಾಗೆ, ಎಲ್ಲಾ ಒಂದೇ ಅಳತೆ, ಮಂಕು. ಗಾಳಿ ಹೊತ್ತು ತಂದು ಹಾಕಿದ ಮರಳು ಸಾರ್. ದಂಡೆಯ ಕಾಳು ಒಂದೂ ಇಲ್ಲ."

"ಅಂದ್ರೆ?"

"ಅವನ ಕೊನೇ ಉಸಿರು ಸಮುದ್ರದಲ್ಲಿ ಅಲ್ಲ. ಒಣ ಮರಳಿನ ಕೆಳಗೆ."

ಸಂಜೆ ಆರಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ, ಅಪರಿಚಿತ.

ಮೇಲೆ ಗಾಳಿಯ ಮರಳು, ಕೆಳಗೆ ಹಿನ್ನೀರಿನ ಕೆಸರು. ಎರಡೂ ಒಂದೇ ಕಡೆ ಸಿಗುವ ಜಾಗ ಯಾವುದು ಎಂದು ಇನ್‌ಸ್ಪೆಕ್ಟರ್ ಕೇಳಿದಾಗ ಅವಳು ಯೋಚಿಸದೆ ಗಾಳಿಮರದ ತೋಪು ಎಂದಳು. ಬಂದರಿನ ತಡೆಗೋಡೆ ಕಟ್ಟಿದ ಮೇಲೆ ಸಮುದ್ರ ವರ್ಷದಿಂದ ವರ್ಷಕ್ಕೆ ಹಿಂದೆ ಸರಿದಿತ್ತು. ಹಳೆಯ ದಂಡೆ ಈಗ ಗಾಳಿಮರದ ತೋಪಿನೊಳಗಿದೆ. ಆ ದಂಡೆಯ ಹಿಂದೆ ಒಂದು ಕಾಲಕ್ಕೆ ಹಿನ್ನೀರಿತ್ತು. ಗಂಡ ಅದನ್ನೇ ಹುಡುಕಿ ಅಳೆಯುತ್ತಿದ್ದ. ಸಮುದ್ರ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಅವನ ಕೆಲಸ.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಜೀಪು ತೋಪಿನ ಅಂಚಿನಲ್ಲಿ ನಿಂತಿತು. ಇನ್‌ಸ್ಪೆಕ್ಟರ್, ದಫೇದಾರ, ಒಬ್ಬಳು ಮಹಿಳಾ ಪೇದೆ, ಇಬ್ಬರು ಪಂಚರು, ಅವಳು. ಸೂಜಿಯಂಥ ಎಲೆ ಮೆತ್ತಗೆ ಹಾಸಿದ ನೆಲದಲ್ಲಿ ಹೆಜ್ಜೆಯ ಸಪ್ಪಳ ಕೇಳುತ್ತಿರಲಿಲ್ಲ.

"ಇಷ್ಟು ದೊಡ್ಡ ತೋಪಲ್ಲಿ ಏನಂತ ಹುಡುಕೋದು ಸಾರ್?" ಎಂದ ದಫೇದಾರ.

"ಕೆಸರು," ಎಂದಳು ಅವಳು. "ಅದು ಮೇಲೆ ಇರಬಾರದು. ಇದ್ರೆ ಯಾರೋ ತಂದು ಹಾಕಿದಾರೆ."

ಕಂಡದ್ದು ಮಹಿಳಾ ಪೇದೆಗೆ. ಹಳದಿ ನೆಲದ ಮೇಲೆ ಕಪ್ಪು ಗುಪ್ಪೆಗಳು, ಬಿಸಿಲಿಗೆ ಬಿರುಕುಬಿಟ್ಟವು. ಪಕ್ಕದಲ್ಲಿ ಮಗುಚಿಟ್ಟ ಕೈಗಾಡಿ. ಅದರ ಚಕ್ರದ ಗೆರೆ ದಂಡೆಯ ಕಡೆ ಹೋಗಿತ್ತು. ಆಚೆ ಗುಂಡಿ. ಗುಂಡಿಯೊಳಗಿಂದ ಸನಿಕೆಯ ಸದ್ದು.

ಒಳಗಿದ್ದವನು ಮುದುಕ. ಬಂದರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಆಳದಜ್ಜ. ಸಮುದ್ರದ ಆಳ ಅಳೆಯುವ ಸರ್ಕಾರಿ ದೋಣಿಯಲ್ಲಿ ಹಗ್ಗ ಬಿಟ್ಟು ಆಳ ಕೂಗಿ ಹೇಳುವ ಕೆಲಸದಲ್ಲಿದ್ದವನು, ಈಗ ನಿವೃತ್ತ. ಪೊಲೀಸರನ್ನು ನೋಡಿ ಅವನು ಓಡಲಿಲ್ಲ.

"ಇಲ್ಲೇನು ಮಾಡ್ತಿದೀರಿ ಅಜ್ಜ?"

"ನನ್ನ ಮನೆ ಸಾರ್ ಇದು."

ದಫೇದಾರ ಸುತ್ತ ನೋಡಿದ. ಮರ, ಮರಳು. "ಬಾಗಿಲು ಎಲ್ಲಿ ಅಜ್ಜ, ಬಡಿದು ಬರ್ತಿದ್ವಿ," ಎಂದ. ಯಾರೂ ನಗಲಿಲ್ಲ.

ಮುದುಕ ಕಾಲಿನ ಹತ್ತಿರ ತೋರಿಸಿದ. ಊಟದ ತಟ್ಟೆಯಷ್ಟು ಜಾಗದಲ್ಲಿ ಸಿಮೆಂಟಿನ ನೆಲ ಕಾಣುತ್ತಿತ್ತು. ಅಂಗೈಯಿಂದ ಒರೆಸಿ ಒರೆಸಿ ಹೊಳಪು ಬಂದಿತ್ತು. ಆಮೇಲೆ ಅವನು ತಲೆಯೆತ್ತಿ ಅವಳನ್ನು ನೋಡಿದ.

"ಮೇಷ್ಟ್ರ ಮನೆಯವರಾ?"

ಅವಳು ಹೌದೆಂದು ತಲೆಯಾಡಿಸಿದಳು.

ಮುದುಕ ಸನಿಕೆ ಕೆಳಗಿಟ್ಟ. ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅವನ ಬಂಧನವಾಯಿತು. ಕೈ ಹಿಡಿದು ಮೇಲೆ ಎಳೆದುಕೊಳ್ಳಲು ಇಬ್ಬರು ಬೇಕಾಯಿತು.

ಸ್ಥಳ ಮಹಜರಿಗೆ ಗುಂಡಿಯ ಗೋಡೆಯನ್ನು ವಿವರಿಸುವವರು ಬೇಕಿತ್ತು. ಇನ್‌ಸ್ಪೆಕ್ಟರ್ ಅವಳ ಕಡೆ ನೋಡಿ, "ಆಗದಿದ್ರೆ ಬೇಡ, ಲ್ಯಾಬಿನವರನ್ನ ಕರೆಸ್ತೀನಿ," ಎಂದರು. ಅವಳು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ದಫೇದಾರ ಬರೆದುಕೊಂಡ.

"ಮೇಲಿಂದ ಎದೆಮಟ್ಟ ಗಾಳಿಯ ಮರಳು, ಹಳದಿ. ಅದರ ಕೆಳಗೆ ಒಂದು ಗೇಣು ಬೇರೆ ಮರಳು, ಬಿಳಿ, ದಪ್ಪ, ಮುರಿದ ಚಿಪ್ಪುಗಳಿವೆ. ಅದು ಸಮುದ್ರದ್ದು. ನಿಧಾನವಾಗಿ ಬಂದದ್ದಲ್ಲ, ಒಂದೇ ದಿನದಲ್ಲಿ ಬಂದದ್ದು. ಬಿರುಗಾಳಿಯ ನೀರು ಒಳಗೆ ನುಗ್ಗಿ ಇಳಿಸಿಹೋಗಿದೆ. ಅದರ ಕೆಳಗೆ ಹಳೇ ನೆಲ, ಹೆಂಚಿನ ಚೂರು. ಇನ್ನೂ ಕೆಳಗೆ ಹಿನ್ನೀರಿನ ಕೆಸರು, ಶಂಖಗಳು."

"ಎಡಗಡೆ ಕುಸಿದಿದೆಯಲ್ಲಮ್ಮ?"

"ಒಣ ಮರಳು ನಿಲ್ಲಲ್ಲ. ಹಲಗೆ ಕೊಟ್ಟು ಅಗೀಬೇಕಿತ್ತು."

"ಈ ಮೂಲೆ ಮಾತ್ರ ಚಾಕುವಲ್ಲಿ ಕೊಯ್ದ ಹಾಗಿದೆ. ಯಾರು ಮಾಡಿದ್ದು ಅಂತ ಬರೀಲಿ?"

ಅವಳು ಆ ಮೂಲೆಯನ್ನು ನೋಡಿದಳು. ಗೋಡೆ ಅಲ್ಲಿ ಮೇಲಿಂದ ಕೆಳಗೆ ನೇರವಾಗಿತ್ತು, ಒಂದೊಂದು ಪದರವೂ ತನ್ನ ತನ್ನ ಗೆರೆಯಲ್ಲಿ ಸ್ಪಷ್ಟವಾಗಿತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರ. ಅವಳು ಕೈಚಾಚಲಿಲ್ಲ.

"ಅವರು," ಎಂದಳು. "ಹೀಗೆ ಕೆರೆಯೋದು ಅವರೇ."

ಠಾಣೆಯಲ್ಲಿ ವಿಚಾರಣೆಗೆ ಇನ್‌ಸ್ಪೆಕ್ಟರ್ ಅವಳನ್ನೂ ಕೂರಿಸಿಕೊಂಡರು. ನಿಯಮದ ಪ್ರಕಾರ ಹಾಗೆ ಮಾಡುವಂತಿಲ್ಲ. ದಫೇದಾರ ಕಿಟಕಿಯಾಚೆ ನೋಡುತ್ತ ಕೂತ.

"ಮನೆ ಹೋದದ್ದು ಯಾವಾಗ?"

"ದೊಡ್ಡ ಬಿರುಗಾಳಿ ವರ್ಷ. ತಡೆಗೋಡೆ ಕಟ್ಟೋಕೆ ಮುಂಚೆ. ನಾನು ದೋಣೀಲಿ ಸಮುದ್ರದ ಮೇಲಿದ್ದೆ, ಬದುಕಿದೆ. ಅವರಿಬ್ರೂ ಮನೇಲಿದ್ರು. ಹೆಂಡತಿ, ಮಗು. ವಾಪಸ್ ಬಂದ್ರೆ ಬರೀ ಮರಳು. ಸಮುದ್ರ ತಗೊಂಡು ಹೋಯ್ತು ಅಂದ್ರು ಎಲ್ಲರೂ. ಆಮೇಲೆ ಸಮುದ್ರಾನೂ ದೂರ ಹೋಯ್ತು. ಗಿಡ ನೆಟ್ರು. ಎಲ್ಲಿ ಅಂತ ಹುಡುಕ್ಲಿ?"

"ಮೇಷ್ಟ್ರು ಹೇಗೆ ಸಿಕ್ಕಿದ್ರು?"

"ತೋಪಲ್ಲಿ ಕೊಳವೆ ಇಳಿಸಿ ಮಣ್ಣು ತೆಗೀತಿದ್ರು. ಕೇಳ್ದೆ. ಸಮುದ್ರ ತಗೊಂಡು ಹೋಗೋಕಿಂತ ತಂದು ಹಾಕೋದೇ ಜಾಸ್ತಿ ಅಜ್ಜ, ನಿಮ್ಮನೆ ಕೆಳಗೇ ಇರಬಹುದು ಅಂದ್ರು." ಮುದುಕ ಅಂಗಿಯ ತುದಿಯಿಂದ ಬಾಯಿ ಒರೆಸಿಕೊಂಡ. "ನಲವತ್ತು ವರ್ಷದಲ್ಲಿ ಇರಬಹುದು ಅಂದವರು ಅವರೊಬ್ರೇ ಸಾರ್."

"ಅವತ್ತು ಏನಾಯ್ತು?"

"ಸಂಜೆ. ಹಳೇ ಕಾಲದ ಮಣ್ಣು ಸಿಕ್ಕಿತ್ತು, ಮನೆ ಸಿಕ್ಕಿರಲಿಲ್ಲ. ಅವರು ಕೆಸರು ತೆಗೆದು ನೋಡಿ ಜೇಬಿಗೆ ಹಾಕ್ಕೊಂಡ್ರು. ಇವತ್ತಿಗೆ ಸಾಕು, ನಾಳೆ ಹಲಗೆ ತರ್ತೀನಿ ಅಂದ್ರು. ಸ್ನಾನದ ಮನೆಗೆ ಬಲ್ಬ್ ತಗೊಂಡು ಹೋಗ್ಬೇಕು, ಒಂದು ವಾರದಿಂದ ಹೇಳ್ತಿದಾಳೆ, ಬೆಳಗ್ಗೆ ಬೇರೆ ಸಿಟ್ಟು ಮಾಡ್ಕೊಂಡಿದಾಳೆ, ಅಂಗಡಿ ಮುಚ್ಚಿಬಿಡುತ್ತೆ ಅಂತ ಚಪ್ಪಲಿ ಹುಡುಕಿದ್ರು. ನಾನೇ ಇನ್ನೊಂದು ಬುಟ್ಟಿ ಅಂದೆ. ಇಳಿದ್ರು."



"ಹೇಳಿದ್ರಾ ಬಲ್ಬ್ ವಿಷಯ?" ಇನ್‌ಸ್ಪೆಕ್ಟರ್ ಅವಳನ್ನು ಕೇಳಿದರು.

"ಹೇಳಿದ್ದೆ," ಎಂದಳು. ಗೋಡೆಯ ಕಡೆ ತಿರುಗಿ ಮತ್ತೊಮ್ಮೆ ಹೇಳಿದಳು, "ಹೇಳಿದ್ದೆ."

"ಕೂಗಬಹುದಿತ್ತಲ್ಲ ಅಜ್ಜ? ರಸ್ತೆ ಎಷ್ಟು ದೂರ?"

"ಮರಳು ಅವರ ಮೇಲೆ ಕುಸಿದ ಕೂಡ್ಲೇ ಕೈಯಲ್ಲೇ ಅಗೆದೆ. ಹೊರಗೆ ತೆಗೆಯೋಷ್ಟರಲ್ಲಿ ಉಸಿರಿರಲಿಲ್ಲ. ಆಮೇಲೆ ಕೂಗಿದ್ರೆ ನೀವು ಬರ್ತಿದ್ರಿ. ಗುಂಡಿ ಮುಚ್ಚಿಸ್ತಿದ್ರಿ. ಇನ್ನೊಂದು ಮೊಳ ಅಗೆಯೋದಿತ್ತು ಸಾರ್."

"ದಂಡೆಗೆ ಯಾಕೆ?"

"ತಪ್ಪು ಸಮುದ್ರದ ಮೇಲೆ ಹಾಕಿದ್ರೆ ಯಾರೂ ಕೇಳಲ್ಲ. ನನ್ನವರಿಗೂ ಯಾರೂ ಕೇಳಲಿಲ್ಲ."

"ಚಪ್ಪಲಿ ಯಾಕೆ ಜೋಡಿಸಿಟ್ರಿ?"

ಮುದುಕನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಮತ್ತೆ ಬಿಸಾಕ್ಲಾ?" ಎಂದ. "ಒಳ್ಳೇ ಮನುಷ್ಯ."

ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಇನ್‌ಸ್ಪೆಕ್ಟರ್ ಅವಳ ಮಾವನಿಗೆ ತಾವೇ ಫೋನು ಮಾಡಿದರು. ನಿಮ್ಮ ಮಗ ಅವತ್ತು ಮನೆಗೆ ಹೊರಟಿದ್ದರು ಎಂದರು.  ಆ ಕಡೆಯಿಂದ "ಅವಳ ಕೈಗೆ ಕೊಡಿ," ಎಂದದ್ದು ಮೇಜಿನ ಈಚೆಗೂ ಕೇಳಿಸಿತು.

ನ್ಯಾಯಾಲಯಕ್ಕೆ ಬರೆದ ವರದಿಯಲ್ಲಿ ಕೊಲೆಯ ಮಾತಿಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣ, ಸಾಕ್ಷ್ಯನಾಶ. ಉದ್ದೇಶ ಎಂಬಲ್ಲಿ ದಫೇದಾರ ಪೆನ್ನು ಕಚ್ಚಿಕೊಂಡು ಕೂತಿದ್ದು, ಕೊನೆಗೆ 'ತನ್ನ ಮನೆಯ ನೆಲವನ್ನು ನೋಡುವ ಸಲುವಾಗಿ' ಎಂದು ಬರೆದ. ಇನ್‌ಸ್ಪೆಕ್ಟರ್ ಅದನ್ನು ತಿದ್ದಲಿಲ್ಲ. ಗುಂಡಿಯನ್ನು ಅಧಿಕಾರಿಗಳ ಸಮಕ್ಷಮ ಪೂರ್ತಿ ಅಗೆಯಬೇಕೆಂದು ಕೋರಿ ತಹಶೀಲ್ದಾರರಿಗೆ ಒಂದು ಪತ್ರವನ್ನೂ ಕಳಿಸಿದರು.

ಬುಧವಾರ ಮುದುಕನನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಮುಂಚೆ ಅವಳು ಮತ್ತೆ ಬಂದಳು. ಬಟ್ಟೆಯ ಚೀಲದಲ್ಲಿ ಏನೋ ಭಾರವಿತ್ತು. ಮೇಜಿನ ಮೇಲಿಟ್ಟಾಗ ಧಡ್ ಎಂದಿತು. ಉದ್ದನೆಯ ಸೀಸದ ಗುಂಡು, ಕುತ್ತಿಗೆಗೆ ಹಳೆಯ ಹಗ್ಗ. ಆಳ ಅಳೆಯುವ ದೋಣಿಯದು.

"ಅವರ ಟೇಬಲ್ ಕೆಳಗಿತ್ತು. ವಿದ್ಯಾರ್ಥಿಗಳಿಗೆ ತೋರಿಸೋಕೆ ಅಂತ ಅಜ್ಜನ ಹತ್ರ ಕೇಳಿ ತಂದಿದ್ರು."

"ಆರೋಪಿ ಕೈಗೆ ಕೊಡೋ ಹಾಗಿಲ್ಲಮ್ಮ. ಪಟ್ಟಿಗೆ ಹಾಕಿ ಇಟ್ಕೋತೀವಿ, ಬಿಡುಗಡೆ ದಿನ ಕೊಡ್ತೀವಿ."

"ಹಾಕ್ಕೊಳ್ಳಿ. ಒಂದು ಸಲ ನಾನೇ ಕೈಗೆ ಕೊಡ್ತೀನಿ."

ಇನ್‌ಸ್ಪೆಕ್ಟರ್ ದಫೇದಾರನಿಗೆ ಕಣ್ಣು ತೋರಿಸಿದರು. ಅವನು ಲಾಕಪ್ಪಿನ ಬಾಗಿಲು ತೆಗೆದ.

ಮುದುಕ ಎರಡೂ ಕೈ ಚಾಚಿ ತೆಗೆದುಕೊಂಡ. ಗುಂಡನ್ನು ಮಗುಚಿ ತಳ ನೋಡಿದ. ತಳದಲ್ಲಿ ಕುಳಿಯಿತ್ತು. ಅದಕ್ಕೆ ಮೇಣ ಮೆತ್ತಿ ನೀರಿಗೆ ಬಿಟ್ಟರೆ, ಸಮುದ್ರದ ತಳದಲ್ಲೇನಿದೆಯೋ ಅದು ಅಂಟಿಕೊಂಡು ಮೇಲೆ ಬರುತ್ತದೆ. ಹಳೆಯ ಮೇಣದಲ್ಲಿ ಕೆಲವು ಕಾಳು ಮರಳು ಇನ್ನೂ ಇತ್ತು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಬೇಡವೆಂದು ತಲೆಯಾಡಿಸಿದಳು.

"ಒರೆಸಿಲ್ಲ," ಎಂದಳು. "ತಂದಾಗ ಹೇಗಿತ್ತೋ ಹಾಗೇ ಇದೆ. ನೋಡ್ಕೊಳ್ಳಿ."